ದಾದಾಭಾಯಿ ನವರೋಜಿಯವರೂ ಮತದ ಬೆಲೆಯೂ

ಚುನಾವಣೆಯ ದಿವಸ ಬಂದಾಗ, ತಾನೊಬ್ಬನು ಮತ ಹಾಕದಿದ್ದರೆ ಕೆಡುವುದೇನು ಎಂದು ಕೇಳುವವರು ಅಕ್ಷರಸ್ಥರಾದ ಪಟ್ಟಣಿಗರಲ್ಲಿಯೂ ವಿರಳರಲ್ಲ. ಬಿಸಿಲಿನ ನೆಪ, ಕಚೇರಿಯ ನೆಪ, ಉಮೇದುವಾರರಲ್ಲಿ ಯೋಗ್ಯರಿಲ್ಲವೆಂಬ ನೆಪ ಎಲ್ಲವೂ ಅವರ ಬಾಯಲ್ಲಿ ಸಿದ್ಧವಾಗಿರುತ್ತವೆ. ಇಂತಹ ಸಜ್ಜನರು ಭಾರತದ ಪಿತಾಮಹರೆಂದು ಖ್ಯಾತರಾದ ದಾದಾಭಾಯಿ ನವರೋಜಿಯವರ ಚರಿತ್ರೆಯನ್ನು ಒಮ್ಮೆ ಮನನ ಮಾಡುವುದು ಉಚಿತವು.

ದಾದಾಭಾಯಿಯವರು 1825ನೆಯ ಇಸವಿ ಸಪ್ಟೆಂಬರ್ 4ರಂದು ಬಡ ಪಾರಸೀ ಪುರೋಹಿತರ ಮನೆತನದಲ್ಲಿ ಜನಿಸಿದರು. ನಾಲ್ಕನೆಯ ವರ್ಷದಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನನ್ನು ತಾಯಿ ಮಾಣೆಕಬಾಯಿಯವರು ಕಷ್ಟಪಟ್ಟು ಬೆಳೆಯಿಸಿದರು. ಶುಲ್ಕವಿಲ್ಲದೆ ದೊರೆತ ವಿದ್ಯೆಯು ಸಾರ್ವಜನಿಕರ ಹಣದಿಂದ ಬಂದುದು; ಆದುದರಿಂದ ಅದರ ಋಣವನ್ನು ಸಾರ್ವಜನಿಕ ಸೇವೆಯಿಂದಲೇ ತೀರಿಸಬೇಕು ಎಂಬ ಭಾವನೆಯು ಅವರಲ್ಲಿ ಎಳೆತನದಲ್ಲಿಯೇ ಬೇರೂರಿತು. ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಕಲಿತು ಅಲ್ಲಿಯೇ ಗಣಿತದ ಪ್ರಾಧ್ಯಾಪಕರಾದರು. ಮುಂಬಯಿಯಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆಯುವ ಕಾರ್ಯದಲ್ಲಿ ಮುಂದಾದರು. 1851ರಲ್ಲಿ ರಾಸ್ತ್ ಗೋಫ್ತಾರ್ ಎಂಬ ಗುಜರಾತಿ ಪತ್ರಿಕೆಯನ್ನು ಸ್ಥಾಪಿಸಿದರು.

1855ರಲ್ಲಿ ವ್ಯಾಪಾರದ ನಿಮಿತ್ತ ವಿಲಾಯತಿಗೆ ತೆರಳಿದ ಮೇಲೆ ಅವರ ಬಾಳಿನ ಮುಖ್ಯ ಪರ್ವವು ಆರಂಭವಾಯಿತು. ಭಾರತದ ದೈನ್ಯವನ್ನು ಆಂಗ್ಲ ಜನರಿಗೆ ತಿಳಿಯಪಡಿಸುವುದಕ್ಕಾಗಿ ಅವರು 1866ರಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಶನ್ ಎಂಬ ಸಂಘವನ್ನು ಕಟ್ಟಿದರು. ಸರಕಾರದ ಲೆಕ್ಕಪತ್ರಗಳನ್ನೇ ಮುಂದಿಟ್ಟುಕೊಂಡು, ಭಾರತೀಯನೊಬ್ಬನ ವಾರ್ಷಿಕ ಆದಾಯವು ಸರಾಸರಿ 20 ರೂಪಾಯಿಗಳೆಂದು ಗಣಿಸಿ ತೋರಿಸಿದರು. ದೇಶದ ಸಂಪತ್ತು ವರ್ಷವರ್ಷವೂ ಹೊರಗೆ ಹರಿದುಹೋಗುತ್ತಿರುವುದನ್ನು ಅಂಕಿಗಳಿಂದ ಸಿದ್ಧಪಡಿಸಿದರು. ಭಾಷಣಗಳನ್ನು ಮಾಡಿದರು, ಮಂತ್ರಿಗಳಿಗೆ ಅರ್ಜಿಗಳನ್ನು ಬರೆದರು. ಅರ್ಜಿಗಳು ಸ್ವೀಕೃತವಾಗುತ್ತಿದ್ದವು, ಫಲವು ಮಾತ್ರ ದೊರೆಯುತ್ತಿರಲಿಲ್ಲ.

ಇದರ ಕಾರಣವು ಸ್ಪಷ್ಟವೇ ಇದೆ. ಅಂದು ಭಾರತದ ಕೌನ್ಸಿಲುಗಳಲ್ಲಿ ಪ್ರಜೆಗಳು ಚುನಾಯಿಸಿದ ಸದಸ್ಯನು ಒಬ್ಬನೂ ಇರಲಿಲ್ಲ. 1885ರಲ್ಲಿ ದಾದಾಭಾಯಿಯವರು ಮುಂಬಯಿ ಕೌನ್ಸಿಲಿಗೆ ಸೇರಿದುದೂ ಸರಕಾರದ ನೇಮಕದಿಂದಲೇ ಹೊರತು ಜನರ ಮತದಿಂದಲ್ಲ. ಮತವಿಲ್ಲದ ಪ್ರಜೆಯ ಮೊರೆಯನ್ನು ಕೇಳುವುದೂ ಬಿಡುವುದೂ ಆಳುವವನ ಇಚ್ಛೆಗೆ ಸೇರಿದ ಮಾತು. ಆದುದರಿಂದ ಯಾವ ಸಭೆಯು ಭಾರತದ ಹಣೆಬರಹವನ್ನು ಬರೆಯುತ್ತಿದ್ದಿತೋ ಆ ಬ್ರಿಟಿಷ್ ಪಾರ್ಲಿಮೆಂಟನ್ನೇ ಪ್ರವೇಶಿಸಬೇಕೆಂದು ಅವರು ನಿಶ್ಚಯಿಸಿದರು. ಆಗ ಅವರ ವಯಸ್ಸು ಅರುವತ್ತು.

1886ರಲ್ಲಿ ಲಂಡನ್ನಿನ ಹೋಲ್ಬರ್ನ್ ಕ್ಷೇತ್ರದಿಂದ ಲಿಬರಲ್ ಪಕ್ಷದ ಉಮೇದುವಾರರಾಗಿ ನಿಂತರು. ಪ್ರತಿಸ್ಪರ್ಧಿಗೆ 3,651 ಮತಗಳು, ಇವರಿಗೆ 1,950. ಸೋಲಿನಿಂದ ಅವರು ಎದೆಗುಂದಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಕಲಕತ್ತೆಗೆ ಬಂದು ಕಾಂಗ್ರೆಸ್ಸಿನ ಅಧ್ಯಕ್ಷಪದವನ್ನು ವಹಿಸಿ, ಮರಳಿ ಲಂಡನ್ನಿಗೆ ಹೋಗಿ ಫಿನ್ಸ್‌ಬರಿ ಸೆಂಟ್ರಲ್ ಕ್ಷೇತ್ರದಲ್ಲಿ ಕಾರ್ಯಕ್ಕೆ ತೊಡಗಿದರು. 1888ರಲ್ಲಿ ಪ್ರಧಾನಮಂತ್ರಿ ಲಾರ್ಡ್ ಸಾಲ್ಸ್‌ಬರಿಯವರು ಬಹಿರಂಗ ಸಭೆಯಲ್ಲಿ ಇವರ ಮೈಬಣ್ಣವನ್ನೆತ್ತಿ ಹೀನಾಯವಾಗಿ ಮಾತನಾಡಿ, ಆಂಗ್ಲ ಮತದಾರರು ಇಂತಹವನನ್ನು ಆರಿಸಲಾರರೆಂದು ಸೂಚಿಸಿದರು. ಆ ಮಾತು ಆಡಿದವರಿಗೇ ತಿರುಗುಬಾಣವಾಯಿತು. ದಾದಾಭಾಯಿಯವರ ಹೆಸರು ಇಂಗ್ಲೆಂಡಿನ ಮನೆಮಾತಾಯಿತು.

1892ರ ಚುನಾವಣೆಯಲ್ಲಿ ಫಿನ್ಸ್‌ಬರಿಯ ಮತಗಳನ್ನೆಣಿಸಿದಾಗ ಇಬ್ಬರು ಉಮೇದುವಾರರಿಗೂ ಮೂರು ಸಾವಿರಕ್ಕೆ ಸಮೀಪವಾದ ಮತಗಳು ಬಿದ್ದಿದ್ದವು. ದಾದಾಭಾಯಿಯವರಿಗೆ ದೊರೆತ ಬಹುಮತವು ಒಂದು ಕೈಯ ಬೆರಳುಗಳ ಎಣಿಕೆಯನ್ನು ಮೀರಿರಲಿಲ್ಲ! ಆ ನಾಲ್ಕಾರು ಜನರು ಯಾರೋ ಇತಿಹಾಸಕ್ಕೆ ತಿಳಿಯದು. ಗಡಿಯಾರ ಕೆಲಸಕ್ಕೆ ಹೆಸರಾದ ಆ ಭಾಗದಲ್ಲಿ ಒಬ್ಬ ಕುಶಲಕರ್ಮಿಯೋ ಚಿಲ್ಲರೆ ಅಂಗಡಿಕಾರನೋ ಇದ್ದಿರಬಹುದು. ಅವರು ಆ ದಿನ ತಾನೊಬ್ಬನು ಹೋಗದಿದ್ದರೇನೆಂದು ಮನೆಯಲ್ಲಿ ಕುಳಿತಿದ್ದರೆ, ಭಾರತದ ಕೋಟ್ಯಂತರ ಜನರ ಪರವಾಗಿ ಕಾಮನ್ಸ್ ಸಭೆಯಲ್ಲಿ ನಿಂತು ಮಾತನಾಡುವ ಆ ಭಾರತೀಯನಿಗೆ ಅಲ್ಲಿ ಎಡೆಯೇ ಇರುತ್ತಿರಲಿಲ್ಲ.

ಸಭೆಯನ್ನು ಹೊಕ್ಕ ಮೇಲೆ ಅವರು ಸುಮ್ಮನೆ ಕೂಡಲಿಲ್ಲ. ಐ.ಸಿ.ಎಸ್. ಪರೀಕ್ಷೆಯು ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿದ್ದುದರಿಂದ ಭಾರತದ ತರುಣರಿಗೆ ಅದು ಗಗನಕುಸುಮವಾಗಿದ್ದಿತು. ಎರಡೂ ದೇಶಗಳಲ್ಲಿ ಏಕಕಾಲಕ್ಕೆ ಪರೀಕ್ಷೆ ನಡೆಯಬೇಕೆಂಬ ಠರಾವು 1893ರಲ್ಲಿ ಕಾಮನ್ಸ್ ಸಭೆಯ ಮುಂದೆ ಬಂದಿತು. ದಾದಾಭಾಯಿಯವರು ಅದನ್ನು ಅನುಮೋದಿಸಿದರು. ಪರವಾಗಿ 84, ವಿರುದ್ಧವಾಗಿ 76 ಮತಗಳು ಬಿದ್ದು ಠರಾವು ಗೆದ್ದಿತು. ಇಲ್ಲಿಯೂ ಕೆಲವೇ ಮತಗಳ ಅಂತರ! ಆದರೆ ಸರಕಾರವು ಅದನ್ನು ಕಾರ್ಯರೂಪಕ್ಕೆ ತರಲಿಲ್ಲ. ಭಾರತದಲ್ಲಿ ಆ ಪರೀಕ್ಷೆ ನಡೆದುದು 1922ರಲ್ಲಿ. ಮತ ಹಾಕಿದ ಮಾತ್ರಕ್ಕೆ ಪ್ರಜೆಯ ಕರ್ತವ್ಯವು ಮುಗಿಯಲಿಲ್ಲವೆಂಬುದೂ, ಗೆದ್ದ ಮೇಲೆಯೂ ಬೆನ್ನುಬಿಡದೆ ಆಗ್ರಹ ಮಾಡುತ್ತಿರಬೇಕೆಂಬುದೂ ಇದರಿಂದ ವ್ಯಕ್ತವಾಗುತ್ತದೆ.

1895ರಲ್ಲಿ ಅವರು ಸೋತರು. ಅದೇ ವರ್ಷ ಭಾರತದ ವೆಚ್ಚವನ್ನು ವಿಚಾರಿಸುವ ರಾಯಲ್ ಕಮಿಶನ್ನಿನಲ್ಲಿ ಸದಸ್ಯರಾದರು. 1901ರಲ್ಲಿ ಭಾರತದ ದಾರಿದ್ರ್ಯವನ್ನು ಕುರಿತ ಮಹಾಗ್ರಂಥವನ್ನು ಪ್ರಕಟಿಸಿದರು. 1906ರಲ್ಲಿ ಎಂಬತ್ತರ ಹಿರಿತನದಲ್ಲಿ ಮತ್ತೊಮ್ಮೆ ಪಾರ್ಲಿಮೆಂಟಿಗೆ ನಿಂತು ಸೋತರೂ, ಆ ವರ್ಷವೇ ಕಲಕತ್ತೆಯ ಕಾಂಗ್ರೆಸ್ಸಿನ ಅಧ್ಯಕ್ಷಪೀಠದಿಂದ ಸ್ವರಾಜ್ಯವೇ ನಮ್ಮ ಗುರಿಯೆಂದು ಸಾರಿದರು. 1917ನೆಯ ಜೂನ್ 30ರಂದು ಮುಂಬಯಿಯಲ್ಲಿ ಕಾಲವಾದರು.

ಭಾರತದಲ್ಲಿ ವಯಸ್ಕರೆಲ್ಲರಿಗೂ ಮತವೆಂಬುದನ್ನು ಅವರು ಕಾಣಲಿಲ್ಲ. 1950ರ ಸಂವಿಧಾನವು ಸಿರಿವಂತ ಬಡವ, ಗಂಡು ಹೆಣ್ಣು ಎಂಬ ಭೇದವಿಲ್ಲದೆ ಆ ಹಕ್ಕನ್ನು ನಮಗೆ ಕೊಟ್ಟಿತು. 1989ರಲ್ಲಿ ಮತದಾರನ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಆ ಮುದುಕರು ಪರದೇಶದ ಬೀದಿಗಳಲ್ಲಿ ಮನೆಮನೆಗೆ ಅಲೆದು ಪರರಿಂದ ಬೇಡಿ ಪಡೆದುದು ಇಂದು ನಮ್ಮ ಕೈಯಲ್ಲಿಯೇ ಇದೆ. ರಸ್ತೆ ಕೆಟ್ಟಿತೆಂದು, ನೀರು ಬಾರದೆಂದು, ಅಧಿಕಾರಿ ಕೇಳನೆಂದು ಅರ್ಜಿ ಬರೆಯುವ ನಾಗರಿಕನು ಒಂದು ಸಂಗತಿಯನ್ನು ನೆನಪಿಡಬೇಕು. ಅರ್ಜಿಗೆ ಬಲವು ಬರುವುದು ಅದರ ಹಿಂದೆ ಮತವಿದ್ದಾಗ. ಆ ಮತವನ್ನು ಹಾಕದೆ ಬಿಟ್ಟವನು ತನ್ನ ದನಿಯನ್ನು ತಾನೇ ಅಡಗಿಸಿಕೊಂಡಂತೆ. ಮತದಾರರ ಪಟ್ಟಿಯಲ್ಲಿ ತನ್ನ ಹೆಸರಿದೆಯೇ ಎಂದು ಇಂದೇ ನೋಡಿಕೊಳ್ಳುವುದು, ಚುನಾವಣೆಯ ದಿನ ತಪ್ಪದೆ ಹೋಗುವುದು, ಆಯ್ಕೆಯಾದವನನ್ನು ಎಚ್ಚರದಿಂದ ಪ್ರಶ್ನಿಸುತ್ತಿರುವುದು: ಪಿತಾಮಹರ ಋಣವನ್ನು ತೀರಿಸುವ ಬಗೆ ಇದಕ್ಕಿಂತ ಬೇರೆಯಿಲ್ಲ.