ನನಗೆ ಫೋನೇ ಬಂದಿಲ್ಲ ಅಂದರೆ ಸರ್ವೆ ಸುಳ್ಳೇ? ಉತ್ತರ ಮಹಲನೋಬಿಸ್ ಬದುಕಿನಲ್ಲಿದೆ

ಹುಲಿಯೂರುದುರ್ಗದಲ್ಲಿ ಯಾರಿಗೂ ಕರೆ ಬಂದಿಲ್ಲ, ಹಾಗಾದರೆ ಈ ಫೋನ್ ಸರ್ವೆ ಯಾರನ್ನು ಕೇಳಿ ಮಾಡಿದ್ದು? ನಿಮ್ಮ ವಾಟ್ಸಾಪ್ ಗುಂಪಿನಲ್ಲೂ ಇಂಥ ಅನುಮಾನ ಬಂದಿರಬಹುದು. ಕೆಲವರನ್ನಷ್ಟೇ ನೋಡಿ ಎಲ್ಲರ ಬಗ್ಗೆ ಹೇಳುವುದು ಹೇಗೆ ಎಂಬ ಈ ಪ್ರಶ್ನೆಗೆ ಮೊಬೈಲ್ ಬರುವ ಮೊದಲೇ ಉತ್ತರ ಹುಡುಕಿದವರು ಪ್ರಶಾಂತ ಚಂದ್ರ ಮಹಲನೋಬಿಸ್.

1893ರ ಜೂನ್ 29ರಂದು ಕೋಲ್ಕತ್ತಾದಲ್ಲಿ ಹುಟ್ಟಿದ ಅವರು ಕೇಂಬ್ರಿಜ್‌ನಲ್ಲಿ ಓದಿದ್ದು ಭೌತಶಾಸ್ತ್ರ. ಅಲ್ಲಿ ಕಣ್ಣಿಗೆ ಬಿದ್ದ ಬಯೋಮೆಟ್ರಿಕಾ ಪತ್ರಿಕೆ ಸಂಖ್ಯಾಶಾಸ್ತ್ರದ ಹುಚ್ಚು ಹಿಡಿಸಿತು. ಊರಿಗೆ ಮರಳಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುತ್ತಲೇ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದರು. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ 1941ರಲ್ಲಿ ತರಬೇತಿಗೆ ಸೇರಿದ್ದು ಅಲ್ಲಿಗೇ.

1930ರ ದಶಕದ ಕೊನೆಯಲ್ಲಿ ಮಹಲನೋಬಿಸ್ ಬಂಗಾಳದ ಸೆಣಬಿನ ಬೆಳೆ ಅಂದಾಜು ಮಾಡಲು ಹೊರಟರು. ಎಲ್ಲ ಹೊಲಗಳನ್ನೂ ಎಣಿಸದೆ, ಚೀಟಿ ಎತ್ತಿದಂತೆ ಆಯ್ದ ನೆಲದ ತುಣುಕುಗಳನ್ನಷ್ಟೇ ಅಳೆಸಿದರು. ಅದಕ್ಕೂ ಮೊದಲು ಸಣ್ಣ ಪ್ರಯೋಗ ಮಾಡಿ, ತುಣುಕು ಎಷ್ಟು ದೊಡ್ಡದಿರಬೇಕು, ಓಡಾಟಕ್ಕೆ ಎಷ್ಟು ಹೊತ್ತು, ಎಷ್ಟು ಖರ್ಚು ಎಂದು ಲೆಕ್ಕ ಹಾಕಿದರು. ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಬೇರೆ ಬೇರೆಯಾಗಿ ಕಳಿಸಿ ಅಂಕಿಗಳನ್ನು ತಾಳೆ ನೋಡುತ್ತಿದ್ದರು. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಿಂದೆಯೂ ಅವರೇ ಇದ್ದರು. 1972ರ ಜೂನ್ 28ರಂದು ತೀರಿಕೊಂಡರು. ಅವರ ಹುಟ್ಟುಹಬ್ಬ ಜೂನ್ 29 ಈಗ ಸಂಖ್ಯಾಶಾಸ್ತ್ರ ದಿನ.

ಇಂದಿನ ಫೋನ್ ಸರ್ವೆಯಲ್ಲಿ ಹೊಲದ ಬದಲು ಹತ್ತು ಅಂಕಿಯ ನಂಬರ್ ಇರುತ್ತದೆ. ಕಂಪ್ಯೂಟರ್ ಚೀಟಿ ಎತ್ತುತ್ತದೆ. ಹೀಗೆ ಬಂದ ನಂಬರ್‌ಗಳಲ್ಲಿ ಎಷ್ಟೋ ಬಳಕೆಯಲ್ಲೇ ಇರುವುದಿಲ್ಲ. ಅವನ್ನು ಮೊದಲೇ ಸೋಸಿದರೆ ಸಮಯ, ಹಣ ಎರಡೂ ಉಳಿಯುತ್ತದೆ. ಆದರೆ ಹಣ ಉಳಿಸಲು, ತಕ್ಷಣ ಕರೆ ಎತ್ತಿದವರನ್ನಷ್ಟೇ ಕೇಳಿದರೆ ಲೆಕ್ಕ ಕೆಡುತ್ತದೆ. ಹಗಲು ಹೊಲದಲ್ಲಿ ಇರುವವರಿಗೆ ಸಂಜೆ ಮತ್ತೆ ಕರೆ ಮಾಡಬೇಕು. ಎರಡು ಸಿಮ್ ಇದ್ದವರು ಆಯ್ಕೆಯಾಗುವ ಅವಕಾಶ ಹೆಚ್ಚು, ಅದನ್ನೂ ಸರಿದೂಗಿಸಬೇಕು. ಸ್ವಂತ ಫೋನ್ ಇಲ್ಲದ ಹೆಂಗಸರು, ವಯಸ್ಸಾದವರು ಚೀಟಿಯ ಡಬ್ಬಿಯಲ್ಲೇ ಇರುವುದಿಲ್ಲ ಎಂಬುದು ಇನ್ನೂ ದೊಡ್ಡ ತೊಡಕು.

ಅನ್ನ ಬೆಂದಿದೆಯೇ ನೋಡಲು ಒಂದಗುಳು ಸಾಕು ನಿಜ, ಪಾತ್ರೆ ಚೆನ್ನಾಗಿ ತಿರುವಿರಬೇಕು ಅಷ್ಟೇ. ಹಾಗಾಗಿ ನಿಮಗೆ ಕರೆ ಬರಲಿಲ್ಲ ಎಂಬ ಕಾರಣಕ್ಕೆ ಸರ್ವೆ ಸುಳ್ಳಾಗುವುದಿಲ್ಲ, ಲಕ್ಷ ಜನರನ್ನು ಕೇಳಿದ ಮಾತ್ರಕ್ಕೆ ನಿಜವೂ ಆಗುವುದಿಲ್ಲ. ಮುಂದಿನ ಸಲ ಸರ್ವೆಯ ಫಾರ್ವರ್ಡ್ ಬಂದರೆ ನಂಬರ್ ಆಯ್ದದ್ದು ಹೇಗೆ, ಎಷ್ಟು ಜನ ಉತ್ತರಿಸಿದರು, ಯಾರು ಹೊರಗುಳಿದರು ಎಂದು ನೋಡಿ. ಆ ವಿವರ ಇಲ್ಲದಿದ್ದರೆ ಶೇರ್ ಮಾಡಬೇಡಿ.