ಜೆ. ಆರ್. ಡಿ. ಟಾಟಾ

ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ (29 ಜುಲೈ 1904 – 29 ನವೆಂಬರ್ 1993) ಭಾರತದ ಉದ್ಯಮಿ, ವಿಮಾನ ಚಾಲಕ ಹಾಗೂ ದೇಶದ ನಾಗರಿಕ ವಿಮಾನಯಾನದ ಪ್ರವರ್ತಕರು. 1938ರಿಂದ 1991ರವರೆಗೆ ಟಾಟಾ ಸಮೂಹದ ಅಧ್ಯಕ್ಷರಾಗಿದ್ದರು.

ಜನನ ಮತ್ತು ವಿಮಾನದ ಒಲವು

ಇವರು ಜನಿಸಿದ್ದು ಪ್ಯಾರಿಸ್‌ನಲ್ಲಿ. ತಂದೆ ರತನ್‌ಜಿ ದಾದಾಭಾಯಿ ಟಾಟಾ, ತಾಯಿ ಫ್ರೆಂಚ್ ಮೂಲದ ಸೂಜಾನ್ ಬ್ರಿಯೇರ್. ಬಾಲ್ಯದಲ್ಲಿ ಫ್ರಾನ್ಸಿನ ವೈಮಾನಿಕ ಲೂಯಿ ಬ್ಲೆರಿಯೊ ಅವರ ಸಾಹಸಗಳಿಂದ ಪ್ರಭಾವಿತರಾದರು. ಮುಂಬಯಿಯ ಫ್ಲೈಯಿಂಗ್ ಕ್ಲಬ್‌ನಲ್ಲಿ ತರಬೇತಿ ಪಡೆದು, 10 ಫೆಬ್ರವರಿ 1929ರಂದು ಭಾರತದಲ್ಲಿ ನೀಡಲಾದ ಪ್ರಥಮ ಚಾಲನಾ ಪರವಾನಗಿಯನ್ನು ಪಡೆದರು. ಅಂದಿನ ಖಾಸಗಿ ಪರವಾನಗಿಗೆ ಕೆಲವೇ ಗಂಟೆಗಳ ಹಾರಾಟ ಸಾಕಾಗುತ್ತಿತ್ತು. ಆದುದರಿಂದ ಒಂದೇ ಬಗೆಯ ಪರವಾನಗಿ ಹೊಂದಿದವರ ಕೌಶಲದಲ್ಲಿಯೂ ಎಚ್ಚರದಲ್ಲಿಯೂ ಬಹಳ ಅಂತರವಿರುತ್ತಿತ್ತು.

ಆಗಾ ಖಾನ್ ಸ್ಪರ್ಧೆ

ಈ ಅಂತರ ಎದ್ದು ಕಂಡದ್ದು 1930ರಲ್ಲಿ. ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನ್ ಅವರು 500 ಪೌಂಡ್ ಬಹುಮಾನ ಘೋಷಿಸಿದ್ದರು. ಸ್ಪರ್ಧಿಗಳು ಮೂವರು. ಮನಮೋಹನ್ ಸಿಂಗ್ ಅವರ ಮೊದಲ ಪ್ರಯತ್ನಗಳು ಕೈಗೂಡಲಿಲ್ಲ. ಕೊನೆಗೆ ಕರಾಚಿ ತಲುಪಿದರೂ ಕಾಲಮಿತಿ ಮೀರಿದ್ದರಿಂದ ಬಹುಮಾನ ತಪ್ಪಿತು. ಹದಿನೇಳು ವರ್ಷದ ಆಸ್ಪಿ ಇಂಜಿನಿಯರ್ ಇಂಗ್ಲೆಂಡಿನಿಂದ ಹೊರಟರೆ, ಟಾಟಾ ಕರಾಚಿಯಿಂದ ಹೊರಟರು. ಈಜಿಪ್ಟಿನ ಅಬೂಕೀರ್‌ನಲ್ಲಿ ಇಬ್ಬರೂ ಎದುರಾದಾಗ ಆಸ್ಪಿ ಸ್ಪಾರ್ಕ್ ಪ್ಲಗ್ಗಿನ ತೊಂದರೆಯಿಂದ ನಿಂತಿದ್ದರು. ಟಾಟಾ ತಮ್ಮಲ್ಲಿದ್ದ ಬಿಡಿ ಪ್ಲಗ್‌ಗಳನ್ನು ಕೊಟ್ಟರು. ಅಲ್ಪ ಅಂತರದಲ್ಲಿ ಆಸ್ಪಿಯೇ ಗೆದ್ದರು. ಈ ಪ್ರಸಂಗವನ್ನು ಸಾಮಾನ್ಯವಾಗಿ ಔದಾರ್ಯದ ನಿದರ್ಶನವಾಗಿ ಹೇಳುವುದುಂಟು. ಆದರೆ ಕೊಡುವಷ್ಟು ಬಿಡಿಭಾಗಗಳನ್ನು ಹೊತ್ತು ಹೊರಟಿದ್ದ ಮುನ್ನೆಚ್ಚರಿಕೆಯೂ ಅಷ್ಟೇ ಗಮನಾರ್ಹ. ಆಸ್ಪಿ ಮುಂದೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು (1960–64).

ಬಳ್ಳಾರಿ ಮಾರ್ಗದ ಅಂಚೆ

ಬ್ರಿಟಿಷ್ ವಾಯುಪಡೆಯಲ್ಲಿದ್ದ ನೆವಿಲ್ ವಿನ್ಸೆಂಟ್ ಅವರ ಸಲಹೆಯಂತೆ ಟಾಟಾ ಸಂಸ್ಥೆ ವಿಮಾನ ಅಂಚೆ ಸೇವೆಯನ್ನು ಕೈಗೊಂಡಿತು. 15 ಅಕ್ಟೋಬರ್ 1932ರಂದು ಟಾಟಾ ಸ್ವತಃ ಪಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಯ ಜುಹುಗೆ ಅಂಚೆ ತಂದರು. ಅಲ್ಲಿಂದ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಹೀಗೆ ಕನ್ನಡ ನಾಡಿನ ಬಳ್ಳಾರಿ ಈ ನಿಯತ ಮಾರ್ಗದಲ್ಲಿ ತಂಗುದಾಣವಾಯಿತು. ಕರಾವಳಿಯ ಮಂಗಳೂರು ಬಜ್ಪೆ ನಿಲ್ದಾಣಕ್ಕಾಗಿ 1951ರವರೆಗೆ ಕಾಯಬೇಕಾಯಿತು. ವಿಮಾನದಲ್ಲಿ ರೇಡಿಯೊ ಇರಲಿಲ್ಲ, ನೆಲದಲ್ಲಿ ಮಾರ್ಗದರ್ಶಕ ದೀಪಗಳಿರಲಿಲ್ಲ. ಮಳೆಗಾಲದಲ್ಲಿ ಜುಹು ಕೆಸರಾಗುತ್ತಿದ್ದುದರಿಂದ ನೆಲೆಯನ್ನು ಪುಣೆಗೆ ಬದಲಾಯಿಸಲಾಗುತ್ತಿತ್ತು. ಅಪಾಯವನ್ನು ಎದುರಿಸುವುದಕ್ಕಿಂತ ತಪ್ಪಿಸುವ ಕ್ರಮವಿದು. ಹವ್ಯಾಸದ ಹಾರಾಟ ಇಲ್ಲಿ ವೇಳಾಪಟ್ಟಿಗೆ ಬದ್ಧವಾದ ವೃತ್ತಿಯಾಯಿತು.

ಏರ್ ಇಂಡಿಯಾ

1946ರಲ್ಲಿ ಈ ಸಂಸ್ಥೆ ಏರ್ ಇಂಡಿಯಾ ಎಂದಾಯಿತು, 1953ರಲ್ಲಿ ರಾಷ್ಟ್ರೀಕರಣಗೊಂಡಿತು. ಟಾಟಾ ಅಧ್ಯಕ್ಷರಾಗಿ ಮುಂದುವರಿದರು. 1 ಜನವರಿ 1978ರಂದು ಎಂಪರರ್ ಅಶೋಕ ವಿಮಾನ ಮುಂಬಯಿ ಸಮೀಪದ ಸಮುದ್ರಕ್ಕೆ ಬಿದ್ದು 213 ಜನ ಮಡಿದರು. ಕೆಟ್ಟುಹೋಗಿದ್ದ ಒಂದು ಸೂಚಕ ಮತ್ತು ಅದರಿಂದ ಚಾಲಕನಿಗೆ ಉಂಟಾದ ದಿಕ್ಕಿನ ಗೊಂದಲ ಇದಕ್ಕೆ ಕಾರಣವೆನ್ನಲಾಯಿತು. ಅದೇ ವರ್ಷ ಸರ್ಕಾರ ಟಾಟಾ ಅವರನ್ನು ಅಧ್ಯಕ್ಷ ಸ್ಥಾನದಿಂದ ತೆಗೆಯಿತು.

ಕೊನೆಯ ವರ್ಷಗಳು

1982ರಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ, ಕರಾಚಿ–ಮುಂಬಯಿ ಹಾರಾಟವನ್ನು ಪುನಃ ಕೈಗೊಂಡರು. 1988ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. 1992ರಲ್ಲಿ ಭಾರತರತ್ನ ಪ್ರಶಸ್ತಿ ದೊರೆಯಿತು. ಜಿನೀವಾದಲ್ಲಿ ನಿಧನರಾದ ಇವರನ್ನು ಪ್ಯಾರಿಸ್‌ನ ಪೆರ್ ಲಶೇಸ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು.