ಗಣಿಗೆ ಇಳಿದ ಲೇಬರ್ ಮೆಂಬರ್

ಅಂಬೇಡ್ಕರ್ ಅಂದ ಕೂಡಲೇ ನಮಗೆ ಸಂವಿಧಾನ ನೆನಪಾಗ್ತದೆ. ಧಾರವಾಡದವರಿಗೆ ಅವರ ಸಂಸ್ಥೆ ಇಲ್ಲಿ ತೆರೆದ ವಿದ್ಯಾರ್ಥಿ ನಿಲಯವೂ ನೆನಪಾಗಬಹುದು. ಆದ್ರೆ ನಾಳೆ ಫ್ಯಾಕ್ಟರಿ, ಸೈಟು ಅಂತ ಕೆಲಸಕ್ಕೆ ಹೋಗೋ ನಾವು ತಿಳ್ಕೋಬೇಕಾದ ಇನ್ನೊಬ್ಬ ಅಂಬೇಡ್ಕರ್ ಇದ್ದಾರೆ.

1891ರ ಏಪ್ರಿಲ್ 14ರಂದು ಮಹೂದಲ್ಲಿ ಹುಟ್ಟಿದ ಭೀಮರಾವ್, ಕೊಲಂಬಿಯಾ ಮತ್ತು ಲಂಡನ್‌ನಲ್ಲಿ ಓದಿದವರು. ಆದರೂ ಮುಂಬೈನ ಪರೇಲ್‌ನಲ್ಲಿ, ಗಿರಣಿ ಕಾರ್ಮಿಕರ ನಡುವೆ ಚಾಳಿನಲ್ಲೇ ವರ್ಷಗಟ್ಟಲೆ ಇದ್ದರು. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿ, ಮರುವರ್ಷ ಮುಂಬೈ ಶಾಸನಸಭೆಗೆ ಗೆದ್ದರು.

1938ರಲ್ಲಿ ಅಲ್ಲಿ ಕೈಗಾರಿಕಾ ವಿವಾದ ಮಸೂದೆ ಬಂತು. ನಮ್ಮ ಧಾರವಾಡ ಜಿಲ್ಲೆಯೂ ಆಗ ಮುಂಬೈ ಪ್ರಾಂತ್ಯದಲ್ಲೇ ಇತ್ತು. ರಾಜಿ ಮಾತುಕತೆ ಮುಗಿಯೋ ಮೊದಲೇ ಮುಷ್ಕರ ಹೂಡಿದರೆ ಅಪರಾಧ. ಮಾಲೀಕರು ಒಪ್ಪಿದ ಯೂನಿಯನ್‌ಗೆ ನೋಂದಣಿ ಸಲೀಸು. ಅಂದ್ರೆ ಕಾರ್ಮಿಕರ ಪರವಾಗಿ ಸಹಿ ಹಾಕೋರು ಯಾರು ಅನ್ನೋದರಲ್ಲೂ ಮಾಲೀಕರ ಕೈ! ಮನಸ್ಸಿಲ್ಲದವರನ್ನು ಕಾನೂನಿನ ಬಲದಿಂದ ದುಡಿಸೋದು ಗುಲಾಮಗಿರಿಯೇ ಎಂದು ಅಂಬೇಡ್ಕರ್ ಸಭೆಯಲ್ಲಿ ವಾದಿಸಿದರು. ನವೆಂಬರ್ 7ರಂದು ಕಮ್ಯುನಿಸ್ಟರ ಜೊತೆ ಸೇರಿ ಒಂದು ದಿನದ ಮುಷ್ಕರ ನಡೆಸಿದರು. ಆದರೂ ಮಸೂದೆ ಕಾನೂನಾಯ್ತು.

1942ರ ಜುಲೈನಲ್ಲಿ ಅವರೇ ವೈಸರಾಯ್ ಮಂಡಳಿಯ ಲೇಬರ್ ಮೆಂಬರ್ ಆದರು. ಸರ್ಕಾರ, ಮಾಲೀಕರು, ಕಾರ್ಮಿಕರು ಒಟ್ಟಿಗೆ ಕೂತು ಮಾತಾಡೋ ಸಮ್ಮೇಳನಗಳನ್ನು ನಡೆಸಿದರು. 1943ರ ಡಿಸೆಂಬರ್‌ನಲ್ಲಿ ಧನ್‌ಬಾದ್‌ಗೆ ಹೋಗಿ ಕಲ್ಲಿದ್ದಲು ಗಣಿಯೊಳಗೇ ಇಳಿದು ನೋಡಿದರು. ಕಲ್ಲಿದ್ದಲು ತೆಗೆದ ಮೇಲೆ ಉಳಿಯೋ ಪೊಳ್ಳು ಜಾಗಕ್ಕೆ ಮರಳು ತುಂಬದಿದ್ದರೆ ಮೇಲಿನ ಪದರ ಕುಸಿಯಬಹುದು, ಬೆಂಕಿ ಹತ್ತಬಹುದು. ಈ ಮರಳು ತುಂಬುವ ಕೆಲಸಕ್ಕೆ ಸಂಬಂಧಿಸಿದ ಸುರಕ್ಷತಾ ಕಾಯ್ದೆಯ ತಿದ್ದುಪಡಿಯನ್ನು 1944ರ ಜನವರಿಯಲ್ಲಿ ಸಭೆಯ ಮುಂದಿಟ್ಟರು.

ಆದರೆ ಸುರಕ್ಷತೆಯ ಕಾನೂನೊಂದೇ ಸಾಕೇ? ಅದು ಮುರಿದಾಗ ಪ್ರಶ್ನೆ ಕೇಳೋಕೆ, ಅರೆಬರೆ ಒಪ್ಪಂದಕ್ಕೆ ಒಪ್ಪಲ್ಲ ಅನ್ನೋಕೆ, ಕಾರ್ಮಿಕರದ್ದೇ ಯೂನಿಯನ್ ಬೇಕು. ಅಂಥ ಯೂನಿಯನ್‌ಗೆ ಮಾಲೀಕರು ಮಾನ್ಯತೆ ಕೊಡಲೇಬೇಕು ಅನ್ನುವ ಮಸೂದೆಯನ್ನು ಅವರು 1943ರ ನವೆಂಬರ್‌ನಲ್ಲೇ ಮಂಡಿಸಿದ್ದರು. 1946ರಲ್ಲಿ ಅವರು ಹುದ್ದೆ ಬಿಟ್ಟರು. 1947ರಲ್ಲಿ ಇದೇ ಉದ್ದೇಶದ ತಿದ್ದುಪಡಿ ಪಾಸಾಯ್ತು, ಆದ್ರೆ ಜಾರಿಗೆ ಬರಲೇ ಇಲ್ಲ. 1956ರ ಡಿಸೆಂಬರ್ 6ರಂದು ಅಂಬೇಡ್ಕರ್ ತೀರಿಕೊಂಡರು. ಮಾತುಕತೆಯ ಯೂನಿಯನ್‌ಗೆ ಮಾನ್ಯತೆ ಕೊಡುವ ನಿಯಮ ದೇಶದ ಕಾನೂನಿನಲ್ಲಿ ಬರೆದದ್ದು 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ.

ನಾಳೆ ಸೇಫ್ಟಿ ರಿಪೋರ್ಟಿಗೆ ಸಹಿ ಹಾಕೋ ಇಂಜಿನಿಯರ್ ನಾವೇ ಆಗಿರ್ತೀವಿ. ಸಹಿ ಹಾಕೋ ಮುಂಚೆ, ಆ ಮಷೀನ್ ಮುಂದೆ ನಿಲ್ಲೋರನ್ನು ಒಂದು ಮಾತು ಕೇಳೋಣ.